ಬಂದೂಕು ಅದೇ, ಬಣ್ಣಕ್ಕೆ ಮಾತ್ರ ಲಕ್ಷ: ಎಡಬ್ಲ್ಯೂಪಿ ಸ್ನೈಪರ್ ಸುತ್ತಲಿನ ಗೊಂದಲ ಏನು?

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾನೂನು ಪಾಸ್ ಮಾಡಿತು. ಮುಂಬೈಯಲ್ಲೇ ಮುಖ್ಯ ಕಚೇರಿ ಇರುವ ಡ್ರೀಮ್11 ಕೆಲವೇ ದಿನಗಳಲ್ಲಿ ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಲ್ಲಿಸಿತು. ಎರಡು ತಿಂಗಳು ಕಳೆದ ಮೇಲೆ, ಅಕ್ಟೋಬರ್ 22ರಂದು, ಅಮೆರಿಕದ ವಾಲ್ವ್ ಕಂಪನಿ ಕೌಂಟರ್ ಸ್ಟ್ರೈಕ್ 2 ಅನ್ನುವ ತನ್ನ ಶೂಟಿಂಗ್ ಆಟದಲ್ಲಿ ಒಂದೇ ಒಂದು ನಿಯಮ ಬದಲಾಯಿಸಿತು. ಅಷ್ಟಕ್ಕೇ ಆಟದೊಳಗಿನ ಚಾಕು, ಗ್ಲೌಸ್, ಬಂದೂಕಿನ ಬಣ್ಣಗಳ ಮಾರುಕಟ್ಟೆಯಲ್ಲಿ ಸುಮಾರು 200 ಕೋಟಿ ಡಾಲರ್ ಕರಗಿ ಹೋಯಿತು ಎಂದು ಬೆಲೆ ಲೆಕ್ಕ ಇಡುವ ಸೈಟ್‌ಗಳು ಹೇಳಿದವು.

ಎರಡು ಸುದ್ದಿ ಒಂದರ ಹಿಂದೆ ಒಂದು ಬಂದಾಗ ಡೊಂಬಿವಲಿ, ಥಾಣೆ, ಮೀರಾ ರೋಡ್ ಕಡೆಯ ಕನ್ನಡದ ಮನೆಗಳಲ್ಲಿ ಗೊಂದಲ ಆಗಿದ್ದು ಸಹಜ. ಮನೆಯಲ್ಲಿ ತುಳುವೋ ಕನ್ನಡವೋ ಮಾತಾಡುವ ಹುಡುಗ ಹೆಡ್‌ಫೋನ್ ಹಾಕಿದ ಕೂಡಲೇ ‘ಮಿಡ್ ಮೇ ಆವ್ಪ್ ಹೈ’ (ನಡುದಾರಿಯಲ್ಲಿ ಸ್ನೈಪರ್ ಇದೆ) ಅಂತ ಹಿಂದಿಯಲ್ಲಿ ಕೂಗುತ್ತಾನೆ. ಆ ಆಟ ಬ್ಯಾನ್ ಆಯ್ತಾ? ಅವನ ಖಾತೆಯಲ್ಲಿರುವ ಸ್ನೈಪರ್‌ಗೆ ಸಾವಿರಗಟ್ಟಲೆ ಬೆಲೆ ಇದೆ ಅಂತಾನಲ್ಲ, ಅದು ಆಸ್ತಿಯಾ, ಜೂಜಾ? ಸರ್ಕಾರ ಒಂದು ಕಡೆ ನಿಷೇಧ ಅನ್ನುತ್ತೆ, ಇನ್ನೊಂದು ಕಡೆ ಇ-ಸ್ಪೋರ್ಟ್ಸ್‌ಗೆ, ಅಂದರೆ ಸ್ಪರ್ಧೆಯಾಗಿ ಆಡುವ ವಿಡಿಯೊ ಆಟಗಳಿಗೆ, ಮಾನ್ಯತೆ ಅನ್ನುತ್ತೆ. ಎರಡೂ ಒಂದೇ ಕಾನೂನಿನಲ್ಲಿ ಹೇಗೆ ಸಾಧ್ಯ?

ಗೊಂದಲದ ಬೇರು ಒಂದೇ ಕಡೆ ಇದೆ. ಬಂದೂಕಿನ ಶಕ್ತಿ ಬೇರೆ, ಬಂದೂಕಿನ ಬಣ್ಣ ಬೇರೆ. ಶಕ್ತಿಯನ್ನು ಕಂಪನಿ ದುಡ್ಡಿಗೆ ಮಾರುವುದೇ ಇಲ್ಲ. ಬಣ್ಣವನ್ನು ಮಾತ್ರ ಲಾಟರಿ ಹಾಕಿ ಮಾರುತ್ತದೆ. ನಮ್ಮ ಮನೆಗಳಲ್ಲಿ ಜಗಳ ನಡೆಯುವುದು ಬಂದೂಕಿನ ಬಗ್ಗೆ. ಗಮನ ಕೊಡಬೇಕಾಗಿದ್ದು ಆ ಲಾಟರಿ ಕಡೆ.

ಒಂದೇ ಗುಂಡು ಸಾಕು

ಎಡಬ್ಲ್ಯೂಪಿ, ಆಡುವವರ ಬಾಯಲ್ಲಿ ‘ಆವ್ಪ್’, ಕೌಂಟರ್ ಸ್ಟ್ರೈಕ್‌ನ ದೊಡ್ಡ ಸ್ನೈಪರ್. ಬ್ರಿಟನ್ನಿನ ಆಕ್ಯುರಸಿ ಇಂಟರ್‌ನ್ಯಾಷನಲ್ ಕಂಪನಿಯ ನಿಜವಾದ ರೈಫಲ್ ನೋಡಿ ಮಾಡಿದ್ದು. ಆಟದಲ್ಲಿ ಪ್ರತಿಯೊಬ್ಬನಿಗೂ 100 ಪ್ರಾಣಾಂಕ. ಈ ಬಂದೂಕಿನ ಒಂದು ಗುಂಡಿನ ಹೊಡೆತ 115. ಎದುರಾಳಿ ಕವಚ ತೊಟ್ಟಿದ್ದರೂ ಅದು ತಡೆಯುವುದು ಶೇಕಡಾ ಎರಡೂವರೆ ಮಾತ್ರ. ಹಾಗಾಗಿ ಗುಂಡು ನೇರವಾಗಿ ಬಂದು ಎದೆಗೆ, ಹೊಟ್ಟೆಗೆ, ಕೈಗೆ, ಎಲ್ಲಿಗೆ ತಾಗಿದರೂ ಆಟಗಾರ ಬಿದ್ದ. ಕಾಲಿಗೆ ತಾಗಿದರೆ ಮಾತ್ರ ಬದುಕಿಕೊಳ್ಳುತ್ತಾನೆ.

ಎಕೆ-47 ಕೂಡ ಒಂದೇ ಗುಂಡಿಗೆ ಕೊಲ್ಲಬಲ್ಲದು, ಆದರೆ ತಲೆಗೇ ಬೀಳಬೇಕು. ಅಷ್ಟು ಸಣ್ಣ ಗುರಿ ಸಿಗಬೇಕಾದರೆ ವರ್ಷಗಟ್ಟಲೆ ಕೈ ಪಳಗಿರಬೇಕು. ಆವ್ಪ್ ಹಿಡಿದವನಿಗೆ ಇಡೀ ಮೈಯೇ ಗುರಿ. ಒಬ್ಬ ಆವ್ಪ್ ಹಿಡಿದು ಉದ್ದನೆಯ ಓಣಿಯ ತುದಿಯಲ್ಲಿ ಕೂತ ಅಂದರೆ ಎದುರು ತಂಡದ ಐದೂ ಜನ ಆ ಓಣಿಯನ್ನೇ ಬಿಟ್ಟು ಬೇರೆ ದಾರಿ ಹುಡುಕುತ್ತಾರೆ. ಅವನು ಒಂದು ಗುಂಡೂ ಹಾರಿಸದೆ ಆಟದ ದಿಕ್ಕು ಬದಲಾಗಿರುತ್ತದೆ.

ಇಷ್ಟು ಬಲ ಇರುವ ವಸ್ತು ಆಟವನ್ನು ಕೆಡಿಸದೇ ಇರಬೇಕಾದರೆ ಅದಕ್ಕೆ ತಕ್ಕ ಬೆಲೆ ಕಟ್ಟಬೇಕು. ಇಲ್ಲದಿದ್ದರೆ ಹತ್ತೂ ಜನ ಅದನ್ನೇ ಹಿಡಿದು ಮೂಲೆ ಮೂಲೆಯಲ್ಲಿ ಕೂತುಬಿಡುತ್ತಾರೆ. ಸೈಬರ್ ಕೆಫೆಗಳಲ್ಲಿ ಹಳೆಯ 1.6 ಆವೃತ್ತಿ ಆಡುತ್ತಿದ್ದವರಿಗೆ ‘ನೋ ಆವ್ಪ್’ ಅನ್ನುವ ಒಪ್ಪಂದ ನೆನಪಿರಬಹುದು.

ಆ ಬಲಕ್ಕೆ ಕಟ್ಟಿದ ಬೆಲೆ

ಮೊದಲ ಬೆಲೆ ಆಟದೊಳಗಿನ ದುಡ್ಡು. ಪ್ರತಿ ಸುತ್ತಿನಲ್ಲಿ ಗಳಿಸಿದ ಆಟದ ಡಾಲರ್‌ನಿಂದಲೇ ಬಂದೂಕು ಕೊಳ್ಳಬೇಕು. ಇದಕ್ಕೂ ನಿಜವಾದ ರೂಪಾಯಿಗೂ ಸಂಬಂಧವಿಲ್ಲ, ಪಂದ್ಯ ಮುಗಿದರೆ ಆ ದುಡ್ಡೂ ಮುಗಿಯಿತು. ಎಕೆ-47ಗೆ 2700, ಆವ್ಪ್‌ಗೆ 4750. 1.6 ಕಾಲದಿಂದಲೂ ಅದೇ 4750. ಅದರ ಮೇಲೆ ಕವಚ, ಹೆಲ್ಮೆಟ್‌ಗೆ ಇನ್ನೊಂದು 1000. ಸುತ್ತು ಸೋತವರಿಗೆ ಸಿಗುವ ದುಡ್ಡು 1400ರಿಂದ ಶುರು. ಅಂದರೆ ಆವ್ಪ್ ಕೊಂಡವನು ಸತ್ತು ಬಂದೂಕು ಕಳೆದುಕೊಂಡರೆ ಅವನೊಬ್ಬನೇ ಅಲ್ಲ, ಇಡೀ ತಂಡ ಮುಂದಿನ ಒಂದೆರಡು ಸುತ್ತು ಬಡತನದಲ್ಲಿ ಆಡಬೇಕಾಗಬಹುದು. ಅದಕ್ಕೇ ಸೋಲು ಖಚಿತ ಅನ್ನಿಸಿದಾಗ ಆವ್ಪ್ ಹಿಡಿದವನಿಗೆ ‘ಸೇವ್ ಮಾಡು, ಹೋಗಬೇಡ’ ಅಂತ ನಾಲ್ಕೂ ಜನ ಕೂಗುವುದು.

ಎರಡನೆಯದು ಜನ ಅಷ್ಟಾಗಿ ಗಮನಿಸದ ಬೆಲೆ. ಎಕೆಯಿಂದ ಒಬ್ಬನನ್ನು ಹೊಡೆದರೆ 300 ಬಹುಮಾನ. ಆವ್ಪ್‌ನಿಂದ ಹೊಡೆದರೆ ಬರೀ 100. ಮೂವರನ್ನು ಬೀಳಿಸಿದ ಎಕೆ ಆಟಗಾರ 900 ಗಳಿಸಿದರೆ ಆವ್ಪ್ ಆಟಗಾರ 300 ಹಿಡಿದು ನಿಂತಿರುತ್ತಾನೆ. ಒಮ್ಮೆ ಕೊಂಡ ಬಲ ತಾನಾಗಿ ಬೆಳೆದು ಶ್ರೀಮಂತನನ್ನು ಇನ್ನಷ್ಟು ಶ್ರೀಮಂತ ಮಾಡಬಾರದು ಅಂತಲೇ ಹೀಗೆ. ನನಗೆ ಈ ಆಟದ ಲೆಕ್ಕಾಚಾರದಲ್ಲಿ ತುಂಬಾ ಇಷ್ಟವಾಗುವ ಭಾಗ ಇದು.

ಮೂರನೆಯದು ಸಮಯ. ಒಂದು ಗುಂಡು ಹಾರಿಸಿದ ಮೇಲೆ ಇನ್ನೊಂದಕ್ಕೆ ಸುಮಾರು ಒಂದೂವರೆ ಸೆಕೆಂಡು ಕಾಯಬೇಕು. ಅಷ್ಟರಲ್ಲಿ ಎಕೆ ಹಿಡಿದವನು ಹತ್ತಕ್ಕೂ ಜಾಸ್ತಿ ಗುಂಡು ಹಾರಿಸಿರುತ್ತಾನೆ. ಗುರಿ ತಪ್ಪಿದರೆ ಹತ್ತಿರ ಇರುವ ಎದುರಾಳಿಯಿಂದ ಬದುಕಿ ಬರುವುದು ಕಷ್ಟ. ನಡಿಗೆಯೂ ನಿಧಾನ. ಚಾಕು ಹಿಡಿದವನ ವೇಗ 250 ಆದರೆ ಆವ್ಪ್ ಹೊತ್ತವನದು 200. ಸ್ಕೋಪ್ ಏರಿಸಿದರೆ ಇನ್ನೂ ಅರ್ಧ. ಸದ್ದಂತೂ ಮ್ಯಾಪಿನ ಆ ತುದಿಯವರೆಗೂ ಕೇಳುತ್ತೆ.

2022ರ ನವೆಂಬರ್‌ನಲ್ಲಿ ವಾಲ್ವ್ ಇನ್ನೊಂದು ಕಡಿವಾಣ ಹಾಕಿತು. ಮ್ಯಾಗಜೀನ್‌ನಲ್ಲಿ 10 ಗುಂಡು ಇದ್ದಿದ್ದನ್ನು 5ಕ್ಕೆ ಇಳಿಸಿತು. ಹೊಡೆತದ ಬಲ ಒಂದು ಅಂಕವೂ ಕಡಿಮೆ ಆಗಲಿಲ್ಲ. ಆದರೂ ಹೊಗೆಯೊಳಗೆ, ತೆಳು ಗೋಡೆಯಾಚೆ ಅಂದಾಜಿನ ಮೇಲೆ ಸುಮ್ನೆ ಗುಂಡು ಸುರಿಯುವ ಅಭ್ಯಾಸಕ್ಕೆ ಪೆಟ್ಟು ಬಿತ್ತು. ನಾಲ್ಕು ಗುಂಡು ಹಾಗೆ ಹಾಳು ಮಾಡಿದರೆ ಉಳಿಯುವುದು ಒಂದೇ, ಮತ್ತೆ ತುಂಬಿಸಿಕೊಳ್ಳಲು ಮೂರೂವರೆ ಸೆಕೆಂಡಿಗೂ ಜಾಸ್ತಿ ಬೇಕು. ಶಕ್ತಿ ಮುಟ್ಟದೆ ಬಳಸುವ ರೀತಿಯನ್ನೇ ಬದಲಾಯಿಸಿದ ಒಳ್ಳೆಯ ತಿದ್ದುಪಡಿ ಅದು.

ಬಿಜಿಎಂಐ ಅನ್ನುವ ಮೊಬೈಲ್ ಆಟದಲ್ಲಿ ಇದೇ ಬಂದೂಕಿನ ಅಣ್ಣ ಇದೆ, ಎಡಬ್ಲ್ಯೂಎಂ. ಅಲ್ಲಿ ಅದಕ್ಕೆ ದುಡ್ಡಿಲ್ಲ, ಆದರೆ ಅದು ಸಿಗುವುದು ವಿಮಾನದಿಂದ ಬೀಳುವ ಏರ್‌ಡ್ರಾಪ್‌ನಲ್ಲಿ. ಮೂರನೇ ಹಂತದ ಹೆಲ್ಮೆಟ್ ಹಾಕಿದವನನ್ನೂ ತಲೆಗೆ ಒಂದೇ ಗುಂಡು ಹೊಡೆದು ಬೀಳಿಸುತ್ತದೆ, ಹಳ್ಳಿಮನೆಯಲ್ಲಿ ಸಿಗುವ ಕಾರ್98 ಬಂದೂಕಿಗೆ ಅದು ಆಗುವುದಿಲ್ಲ. ಬೆಲೆ ಏನಪ್ಪಾ ಅಂದರೆ ಅಪಾಯ. ಕೆಂಪು ಹೊಗೆ ಎದ್ದಿದ್ದು ಸುತ್ತಲಿನ ಎಲ್ಲರಿಗೂ ಕಾಣುತ್ತದೆ, ಹೋದವನ ಮೇಲೆ ನಾಲ್ಕು ದಿಕ್ಕಿನಿಂದ ಗುಂಡು. ವ್ಯಾಲರಂಟ್ ಅನ್ನುವ ಇನ್ನೊಂದು ಶೂಟಿಂಗ್ ಆಟದಲ್ಲಿ ಆಪರೇಟರ್ ಅನ್ನುವ ಸ್ನೈಪರ್‌ಗೆ ಆಟದೊಳಗಿನ 4700 ಕ್ರೆಡಿಟ್. ಮೂರು ಆಟ, ಬೆಲೆ ಕಟ್ಟುವ ರೀತಿ ಬೇರೆ ಬೇರೆ. ಆದರೆ ಮೂರರಲ್ಲೂ ಒಂದು ಮಾತು ಸಮಾನ: ಯುಪಿಐಯಲ್ಲಿ ಎಷ್ಟೇ ರೂಪಾಯಿ ಹಾಕಿದರೂ ಆ ಬಂದೂಕಿನ ಹೊಡೆತ ಒಂದು ಅಂಕವೂ ಹೆಚ್ಚುವುದಿಲ್ಲ.

ಹಾಗಾದರೆ ಬಣ್ಣಕ್ಕೆ ಯಾಕೆ ಅಷ್ಟು?

ಸ್ಕಿನ್ ಅಂದರೆ ಬಂದೂಕಿನ ಮೇಲಿನ ಚಿತ್ರ, ಅಷ್ಟೇ. ಎಡಬ್ಲ್ಯೂಪಿಯ ‘ಡ್ರ್ಯಾಗನ್ ಲೋರ್’ ಅನ್ನುವ ಸ್ಕಿನ್ ಹೆಸರುವಾಸಿ. ಟೂರ್ನಮೆಂಟ್ ನೆನಪಿನ ವಿಶೇಷ ಪ್ರತಿಯೊಂದು 2018ರ ಜನವರಿಯಲ್ಲಿ 61 ಸಾವಿರ ಡಾಲರ್‌ಗೆ ಮಾರಾಟವಾಯಿತು. ಆಗಿನ ಲೆಕ್ಕದಲ್ಲಿ ಸುಮಾರು 39 ಲಕ್ಷ ರೂಪಾಯಿ. ಅದನ್ನು ಹಿಡಿದವನ ಗುಂಡೂ 115, ಬರೀ ಹಸಿರು ಬಂದೂಕು ಹಿಡಿದವನ ಗುಂಡೂ 115.

ಶಕ್ತಿ ಮಾರಾಟಕ್ಕಿಲ್ಲ ಅನ್ನುವುದೇ ಬಣ್ಣಕ್ಕೆ ಬೆಲೆ ಬರಲು ಒಂದು ಕಾರಣ. ದುಡ್ಡಿದ್ದವನು ಗೆಲ್ಲುವ ಆಟವಾಗಿದ್ದರೆ ಗಂಭೀರವಾಗಿ ಆಡುವವರು ಯಾವತ್ತೋ ಬಿಟ್ಟು ಹೋಗುತ್ತಿದ್ದರು, ದೊಡ್ಡ ಟೂರ್ನಮೆಂಟ್‌ಗಳೂ ಉಳಿಯುತ್ತಿರಲಿಲ್ಲ. ಆಟ ನ್ಯಾಯವಾಗಿದೆ, ಅದಕ್ಕೇ ಇಪ್ಪತ್ತೈದು ವರ್ಷವಾದರೂ ಜನ ಆಡುತ್ತಿದ್ದಾರೆ. ಜನ ಇರುವುದರಿಂದ ತೋರಿಸಿಕೊಳ್ಳುವ ವಸ್ತುವಿಗೆ ಬೆಲೆ. ಅದರಲ್ಲೂ ಆವ್ಪ್‌ಗೆ ಜಾಸ್ತಿ. ತಂಡದಲ್ಲಿ ಸಾಮಾನ್ಯವಾಗಿ ಒಬ್ಬನೇ ಆವ್ಪ್ ಆಟಗಾರ, ನೋಡುವವರ ಕ್ಯಾಮೆರಾ ಅವನ ಮೇಲೇ ಜಾಸ್ತಿ ಹೊತ್ತು ನಿಲ್ಲುತ್ತದೆ. ದೊಡ್ಡ ಬಂದೂಕು, ಪರದೆಯ ಬಲಗಡೆ ದೊಡ್ಡ ಜಾಗ ಹಿಡಿಯುತ್ತದೆ, ಚಿತ್ರ ಚೆನ್ನಾಗಿ ಕಾಣುತ್ತದೆ.

ಪೆಟ್ಟಿಗೆಯ ಲೆಕ್ಕ

ತೊಂದರೆ ಶುರುವಾಗುವುದು ಈ ಬಣ್ಣ ಸಿಗುವ ದಾರಿಯಲ್ಲಿ. ಕೇಸ್ ಅನ್ನುವ ಪೆಟ್ಟಿಗೆ ಇರುತ್ತದೆ. ಅದನ್ನು ತೆರೆಯಲು ಕೀಲಿ ಬೇಕು, ಕೀಲಿಗೆ ಸುಮಾರು ಎರಡೂವರೆ ಡಾಲರ್. ಒಳಗೆ ಏನಿದೆ ಅನ್ನುವುದು ಅದೃಷ್ಟ. ಚೀನಾದ ನಿಯಮದಿಂದಾಗಿ 2017ರಲ್ಲಿ ಅಲ್ಲಿ ಈ ಆಟ ನಡೆಸುವ ಕಂಪನಿ ಸಾಧ್ಯತೆಯ ಅಂಕಿಗಳನ್ನು ಹೊರಗೆ ಹಾಕಬೇಕಾಯಿತು. ಅದರ ಪ್ರಕಾರ ಸಾಧಾರಣ ನೀಲಿ ಸ್ಕಿನ್ ಬರುವ ಸಾಧ್ಯತೆ ಸುಮಾರು ಶೇ 80. ಬಂದೂಕಿನಲ್ಲಿ ಅತಿ ಅಪರೂಪದ ಕೆಂಪು ಸ್ಕಿನ್ ಶೇ 0.64 (ನೀಲಿ, ಕೆಂಪು ಅನ್ನುವುದು ದರ್ಜೆಯ ಗುರುತು, ಚಿತ್ರದ ಬಣ್ಣವಲ್ಲ). ಚಾಕು ಅಥವಾ ಗ್ಲೌಸ್, ಆಟಗಾರರು ‘ಗೋಲ್ಡ್’ ಅನ್ನುವುದು, ಶೇ 0.26.

ಬಿಡಿಸಿ ಹೇಳುವುದಾದರೆ, ಸರಾಸರಿ 156 ಪೆಟ್ಟಿಗೆಗೆ ಒಂದು ಕೆಂಪು, 385 ಪೆಟ್ಟಿಗೆಗೆ ಒಂದು ಚಾಕು. ಕೀಲಿ ಖರ್ಚೇ 950 ಡಾಲರ್ ದಾಟುತ್ತದೆ. ಇದು ಸರಾಸರಿ ಮಾತ್ರ. 385 ತೆರೆದರೆ ಸಿಕ್ಕೇ ಸಿಗುತ್ತದೆ ಅಂತ ಖಾತ್ರಿ ಏನೂ ಇಲ್ಲ, ಹಿಂದಿನ ಪೆಟ್ಟಿಗೆಯ ಸೋಲು ಮುಂದಿನ ಪೆಟ್ಟಿಗೆಗೆ ಗೊತ್ತಿರುವುದಿಲ್ಲ. ತೆರೆಯುವಾಗ ಚಿತ್ರಗಳು ಸರಸರ ಓಡಿ ನಿಧಾನವಾಗಿ ಒಂದರ ಮೇಲೆ ನಿಲ್ಲುತ್ತವೆ, ಕೆಂಪು ಬಣ್ಣ ಪಕ್ಕದಲ್ಲೇ ಜಾರಿ ಹೋಗುತ್ತದೆ. ‘ಅಯ್ಯೋ, ಸ್ವಲ್ಪದರಲ್ಲಿ ತಪ್ಪಿತು’ ಅನ್ನಿಸುತ್ತದೆ. ಫಲಿತಾಂಶ ಮಾತ್ರ ಆ ಓಟ ಕಣ್ಣಿಗೆ ಕಾಣುವ ಮೊದಲೇ ಸರ್ವರ್‌ನಲ್ಲಿ ತೀರ್ಮಾನವಾಗಿರುತ್ತದೆ.

ಪಣಜಿಯಲ್ಲಿ ಮಾಂಡೋವಿ ನದಿಯ ಕ್ಯಾಸಿನೊ ಹಡಗು ಹತ್ತಬೇಕಾದರೆ 21 ವರ್ಷ ಆಗಿರಬೇಕು, ಗುರುತಿನ ಚೀಟಿ ತೋರಿಸಬೇಕು. ಈ ಆಟ ಸಿಗುವ ವಾಲ್ವ್‌ನ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಖಾತೆ ತೆರೆಯಲು 13 ವರ್ಷ ಸಾಕು.

ಅಕ್ಟೋಬರ್ 22ರಂದು ಆಗಿದ್ದು

ಟ್ರೇಡ್-ಅಪ್ ಅನ್ನುವ ವ್ಯವಸ್ಥೆ 2013ರಿಂದ ಇದೆ. ಕೆಳಗಿನ ದರ್ಜೆಯ 10 ಸ್ಕಿನ್ ಕೊಟ್ಟರೆ ಮೇಲಿನ ದರ್ಜೆಯದು ಒಂದು ಸಿಗುತ್ತದೆ. ಆದರೆ ಅದು ಕೆಂಪಿನವರೆಗೆ ಬಂದು ನಿಲ್ಲುತ್ತಿತ್ತು. ಚಾಕುವಿಗೆ ಪೆಟ್ಟಿಗೆಯೊಂದೇ ದಾರಿ. ಹೊಸ ನಿಯಮ ಬಂದ ಮೇಲೆ 5 ಕೆಂಪು ಸ್ಕಿನ್ ಕೊಟ್ಟರೆ ಒಂದು ಚಾಕು ಅಥವಾ ಗ್ಲೌಸ್ ಸಿಗುತ್ತದೆ.

ಇದರಿಂದ ಎರಡು ಪರಿಣಾಮ ಒಟ್ಟಿಗೆ ಆಯಿತು. ಒಂದು, ಚಾಕುವಿನ ಅಪರೂಪತನ ಮುರಿಯಿತು. ಲೆಕ್ಕ ಹಾಕಿ ನೋಡಿ. ಶೇ 0.64 ಕೆಂಪನ್ನು ಐದರಿಂದ ಭಾಗಿಸಿದರೆ ಸುಮಾರು 0.13. ಬರುವ ಕೆಂಪೆಲ್ಲ ಚಾಕುವಾಗಿ ಬದಲಾದರೆ, ಮೊದಲಿನ 0.26ಕ್ಕೆ ಇನ್ನೊಂದು 0.13 ಸೇರಿ, ಪೆಟ್ಟಿಗೆಗಳಿಂದ ಹುಟ್ಟುವ ಚಾಕುಗಳ ಸಂಖ್ಯೆ ಹೆಚ್ಚೂಕಡಿಮೆ ಒಂದೂವರೆ ಪಟ್ಟು ಆಗಬಹುದು. ವರ್ಷಗಳಿಂದ ಜನರ ಖಾತೆಗಳಲ್ಲಿ ಸುಮ್ಮನೆ ಬಿದ್ದಿದ್ದ ಕೆಂಪು ಬೇರೆ ಇದೆ. ಚಾಕುವಿನ ಬೆಲೆ ಕುಸಿಯದೆ ಇನ್ನೇನಾಗುತ್ತೆ?

ಎರಡು, ಕೆಂಪು ಸ್ಕಿನ್‌ಗಳ ಬೆಲೆ ಜಿಗಿಯಿತು. ಇಲ್ಲಿ ಆವ್ಪ್ ಕಥೆ ಸ್ವಲ್ಪ ವಿಚಿತ್ರವಾಗಿದೆ. ಆಪರೇಷನ್ ಫೀನಿಕ್ಸ್ ಪೆಟ್ಟಿಗೆಯಲ್ಲಿ ಎರಡು ಕೆಂಪು ಇವೆ: ಎಡಬ್ಲ್ಯೂಪಿಯ ‘ಅಸೀಮೋವ್’ ಮತ್ತು ಎಯುಜಿ ಅನ್ನುವ ಬಂದೂಕಿನ ‘ಕಮೀಲಿಯನ್’. ಅಸೀಮೋವ್ ಅಂದರೆ ಎಲ್ಲರಿಗೂ ಆಸೆ, ಬೆಲೆಯೂ ಹಾಗೇ ಇತ್ತು. ಕಮೀಲಿಯನ್ ಯಾರಿಗೂ ಬೇಡವಾಗಿತ್ತು. ಆದರೆ ಚಾಕು ಮಾಡುವ ಒಲೆಗೆ ಹಾಕುವಾಗ ಎರಡೂ ಒಂದೇ ಕೆಂಪು. ಅಸೀಮೋವ್ ಸುಡಲು ಯಾರಿಗೆ ಮನಸ್ಸು ಬರುತ್ತೆ? ಹಾಗಾಗಿ ಮೊದಲು ಕಮೀಲಿಯನ್‌ನಂಥ ಅಗ್ಗದ ಕೆಂಪನ್ನು ಜನ ಬಾಚಿಕೊಂಡರು. ಐದು ಅಗ್ಗದ ಕೆಂಪಿನ ಬೆಲೆಯೂ ಅವುಗಳಿಂದ ಸಿಗಬಹುದಾದ ಚಾಕುವಿನ ಸರಾಸರಿ ಬೆಲೆಯೂ ಹತ್ತಿರ ಬರುವವರೆಗೆ ಒಂದು ಏರುತ್ತದೆ, ಇನ್ನೊಂದು ಇಳಿಯುತ್ತದೆ. ಡ್ರ್ಯಾಗನ್ ಲೋರ್‌ಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅದು ಚಾಕು ಇರುವ ಪೆಟ್ಟಿಗೆಯಿಂದ ಬಂದದ್ದಲ್ಲ.

ಯಾರು ಏನನ್ನುತ್ತಾರೆ

ಹೂಡಿಕೆ ಅಂತ ಚಾಕು ಕೊಂಡಿಟ್ಟವರಿಗೆ ಇದು ದ್ರೋಹ ಅನ್ನಿಸಿತು. ರಾತ್ರೋರಾತ್ರಿ ನಿಯಮ ಬದಲಾಯಿಸುವುದಾದರೆ ನಂಬುವುದು ಹೇಗೆ ಅನ್ನುವುದು ಅವರ ಮಾತು. ಆ ಸಂಕಟ ಸುಳ್ಳಲ್ಲ, ದುಡಿದ ದುಡ್ಡು ಹಾಕಿದವರೂ ಅವರಲ್ಲಿ ಇದ್ದಾರೆ. ಆದರೆ ಸ್ಟೀಮ್ ಒಪ್ಪಂದದ ಪ್ರಕಾರ ಈ ವಸ್ತುಗಳು ಬಳಸಲು ಕೊಟ್ಟ ಪರವಾನಗಿ ಮಾತ್ರ, ಕೊಂಡವನ ಸ್ವತ್ತಲ್ಲ. ಷೇರು ಮಾರುಕಟ್ಟೆಯಲ್ಲಿ ಸೆಬಿ ಇದೆ. ಇಲ್ಲಿ ನಿಯಮ ಮಾಡುವವನು, ವಸ್ತು ಅಚ್ಚು ಹಾಕುವವನು, ಮಾರುಕಟ್ಟೆ ನಡೆಸುವವನು, ಪ್ರತಿ ಮಾರಾಟದಲ್ಲಿ ಸುಮಾರು ಶೇ 15 ಕಮಿಷನ್ ತೆಗೆದುಕೊಳ್ಳುವವನು ಎಲ್ಲ ಒಬ್ಬನೇ. ಇಂಥ ಕಡೆ ಹಾಕಿದ ದುಡ್ಡನ್ನು ಹೂಡಿಕೆ ಅನ್ನುವುದೇ ತಪ್ಪು ಅಂತ ನನ್ನ ಅಭಿಪ್ರಾಯ.

ಸಾಮಾನ್ಯ ಆಟಗಾರರಲ್ಲಿ ತುಂಬಾ ಜನಕ್ಕೆ ಖುಷಿಯಾಯಿತು. ಕೈಗೆಟುಕದ ಚಾಕು ಸ್ವಲ್ಪ ಕೆಳಗೆ ಬಂತಲ್ವಾ. ಇನ್ನು ಕೆಲವರು, ವಾಲ್ವ್ ಬೇಕೆಂದೇ ದುಬಾರಿ ವ್ಯವಹಾರವನ್ನು ಹೊರಗಿನ ಸೈಟ್‌ಗಳಿಂದ ತನ್ನ ಮಾರುಕಟ್ಟೆಗೆ ಎಳೆದುಕೊಂಡಿತು ಅನ್ನುತ್ತಾರೆ. ಈ ವಾದದಲ್ಲಿ ಹುರುಳಿದೆ. ಸ್ಟೀಮ್ ಮಾರುಕಟ್ಟೆಯಲ್ಲಿ ಬೆಲೆಗೆ ಮೇಲ್ಮಿತಿ ಇದೆ. ಅದನ್ನು ದಾಟಿದ ಚಾಕುಗಳು ಹೊರಗೇ ಮಾರಾಟ ಆಗುತ್ತಿದ್ದವು, ಅಲ್ಲಿ ವಾಲ್ವ್‌ಗೆ ಕಮಿಷನ್ ಇಲ್ಲ. ಅಗ್ಗದ ಕೆಂಪು ಮಾತ್ರ ಒಳಗೇ ಕೈ ಬದಲಾಗುತ್ತದೆ.

ನಮ್ಮ ಕಾನೂನು ಎಲ್ಲಿ ನಿಲ್ಲುತ್ತದೆ

2025ರ ಕಾನೂನು ಆಟಗಳನ್ನು ಮೂರು ಬಗೆಯಾಗಿ ನೋಡುತ್ತದೆ. ಇ-ಸ್ಪೋರ್ಟ್ಸ್, ಸಾಮಾಜಿಕ ಆಟ, ಹಣದ ಆಟ. ನಿಷೇಧ ಇರುವುದು ಮೂರನೆಯದಕ್ಕೆ ಮಾತ್ರ. ಕೌಶಲವೋ ಅದೃಷ್ಟವೋ ಅನ್ನುವ ಹಳೆಯ ವಾದಕ್ಕೆ ಇಲ್ಲಿ ಜಾಗವಿಲ್ಲ. ಹಣ ಅಥವಾ ಹಣಕ್ಕೆ ಸಮನಾದ್ದನ್ನು ಕಟ್ಟಿ, ಗೆದ್ದು ಲಾಭ ಬರುತ್ತದೆ ಅಂತ ಆಡಿದರೆ ಅದು ಹಣದ ಆಟ. ಅಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿಯವರೆಗೆ ದಂಡ. ಆಡುವವನಿಗೆ ಶಿಕ್ಷೆ ಇಲ್ಲ. ಹಾಗಾಗಿ ಪಂದ್ಯ ಆಡುವ ಹುಡುಗನಿಗೆ ಇದರಿಂದ ಭಯವಿಲ್ಲ. ಆಟಕ್ಕೆ ಮಾನ್ಯತೆ, ನೋಂದಣಿ ಇದ್ದರೆ, ಪ್ರವೇಶ ಶುಲ್ಕ ಕಟ್ಟಿ, ಚೆನ್ನಾಗಿ ಆಡಿ ಬಹುಮಾನ ಗೆಲ್ಲುವುದು ಇ-ಸ್ಪೋರ್ಟ್ಸ್ ವ್ಯಾಖ್ಯಾನದೊಳಗೇ ಬರುತ್ತದೆ. ಮೊದಲ ಗೊಂದಲ ಇಲ್ಲಿಗೆ ಬಗೆಹರಿಯಿತು.

ಪೆಟ್ಟಿಗೆಯ ಮಾತು ಅಷ್ಟು ಸುಲಭ ಇಲ್ಲ. ‘ಹಣಕ್ಕೆ ಸಮನಾದ್ದು’ ಅನ್ನುವ ಮಾತಿನೊಳಗೆ ಈ ಕಾನೂನು ಟೋಕನ್, ನಾಣ್ಯ, ನಿಜವಾದ ಅಥವಾ ಡಿಜಿಟಲ್ ವಸ್ತು ಎಲ್ಲವನ್ನೂ ಸೇರಿಸಿದೆ. ಕೀಲಿ ಕೊಂಡದ್ದು ನಿಜವಾದ ದುಡ್ಡಿನಲ್ಲಿ, ಒಳಗೆ ಸಿಗುವ ವಸ್ತುವಿಗೆ ಮಾರುಕಟ್ಟೆ ಬೆಲೆ ಇದೆ, ಫಲಿತಾಂಶ ಅದೃಷ್ಟ. ಹಾಗಿದ್ದರೆ ಇದು ಹಣದ ಆಟವೇ ಅಂತ ಒಂದು ಕಡೆಯವರು ವಾದಿಸಬಹುದು. ಇನ್ನೊಂದು ಕಡೆಯವರು, ಇದು ಆಟವಲ್ಲ, ಖರೀದಿ. ಪ್ರತಿ ಪೆಟ್ಟಿಗೆಯಲ್ಲೂ ಏನೋ ಒಂದು ಸಿಕ್ಕೇ ಸಿಗುತ್ತದೆ. ಸ್ಟೀಮ್ ವಾಲೆಟ್‌ಗೆ ಬಂದ ದುಡ್ಡನ್ನು ಬ್ಯಾಂಕಿಗೆ ತೆಗೆಯಲು ಆಗುವುದಿಲ್ಲ, ಹಾಗಾಗಿ ಲಾಭ ಅನ್ನುವ ಮಾತೇ ಬರುವುದಿಲ್ಲ ಅನ್ನಬಹುದು. ಈ ಎರಡನೆಯ ವಾದ ಕಾಗದದ ಮೇಲೆ ಸರಿಯಾಗಿ ಕಾಣುತ್ತದೆ. ಆದರೆ ಸ್ಕಿನ್ ಅನ್ನು ಟ್ರೇಡ್ ಮೂಲಕ ಹೊರಗಿನ ಸೈಟ್‌ಗೆ ಕಳಿಸಿ ನಿಜವಾದ ದುಡ್ಡು ಪಡೆಯುವ ದಾರಿ ಎಲ್ಲ ಆಟಗಾರರಿಗೂ ಗೊತ್ತಿದೆ.

ಸ್ಕಿನ್ ಅನ್ನೇ ಚಿಪ್ ಮಾಡಿಕೊಂಡು ರೂಲೆಟ್, ಕಾಯಿನ್ ಫ್ಲಿಪ್ ನಡೆಸುವ ಹೊರಗಿನ ಸೈಟ್‌ಗಳ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಅದು ನೇರ ಜೂಜು. 2016ರಲ್ಲೇ ವಾಲ್ವ್ ಅಂಥ ಸೈಟ್‌ಗಳಿಗೆ ನೋಟಿಸ್ ಕಳಿಸಿತ್ತು, ಆದರೂ ಹೊಸ ಹೆಸರಿನಲ್ಲಿ ಮತ್ತೆ ಹುಟ್ಟುತ್ತಲೇ ಇವೆ. ಚಿಕ್ಕ ಹುಡುಗರು ದೊಡ್ಡ ದುಡ್ಡು ಕಳೆದುಕೊಳ್ಳುವ ಅಪಾಯ ಹೆಚ್ಚಿರುವುದು ಇಲ್ಲೇ. ಅಪ್ಪನ ಫೋನಿನ ಯುಪಿಐ ಪಟ್ಟಿಯಲ್ಲಿ ಕಾಣುವುದು ಸ್ಟೀಮ್‌ಗೆ ಹೋದ 500 ರೂಪಾಯಿ ಮಾತ್ರ. ಆ 500ರಿಂದ ಬಂದ ಸ್ಕಿನ್ ಆಮೇಲೆ ಎಲ್ಲಿಗೆ ಹೋಯಿತು ಅನ್ನುವುದು ಯಾವ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲೂ ಬರುವುದಿಲ್ಲ. ಅದನ್ನು ನೋಡಬೇಕಾದರೆ ಸ್ಟೀಮ್ ಖಾತೆಯೊಳಗಿನ ಟ್ರೇಡ್ ಇತಿಹಾಸವನ್ನೇ ತೆರೆಯಬೇಕು.

ಬಿಜಿಎಂಐಯ ಪೆಟ್ಟಿಗೆಗೂ (ಕ್ರೇಟ್) ಕೌಂಟರ್ ಸ್ಟ್ರೈಕ್ ಪೆಟ್ಟಿಗೆಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ಸಿಕ್ಕ ಸ್ಕಿನ್ ಅನ್ನು ಇನ್ನೊಬ್ಬನಿಗೆ ಮಾರಲು ಅಧಿಕೃತ ಮಾರುಕಟ್ಟೆ ಇಲ್ಲ. ಅದೃಷ್ಟದ ಆಟ ಅದೂ ಹೌದು, ಆದರೆ ‘ಗೆದ್ದು ಲಾಭ’ ಅನ್ನುವ ಭಾಗ ತುಂಬಾ ದುರ್ಬಲ. 2021ರಲ್ಲಿ ಬಂದಾಗಲೇ 18ಕ್ಕಿಂತ ಚಿಕ್ಕವರಿಗೆ ದಿನಕ್ಕೆ 3 ಗಂಟೆ ಆಟ, 7000 ರೂಪಾಯಿ ಖರ್ಚು ಅನ್ನುವ ಮಿತಿ ಅದರಲ್ಲಿತ್ತು. ದಿನಕ್ಕೆ 7000 ಅನ್ನುವುದು ಯಾವ ಮಧ್ಯಮ ವರ್ಗದ ಮನೆಗೆ ಮಿತಿ ಅನ್ನಿಸುತ್ತದೋ ಗೊತ್ತಿಲ್ಲ, ಆದರೆ ಮಿತಿ ಅನ್ನುವುದೊಂದು ಇದೆ.

ಮುಂದೆ ಏನಾಗಬಹುದು

ಕಾನೂನನ್ನು ಪ್ರಶ್ನಿಸಿದ ಮೊದಲ ಅರ್ಜಿಗಳಲ್ಲಿ ಒಂದು ಕರ್ನಾಟಕ ಹೈಕೋರ್ಟ್‌ಗೇ ಹೋಗಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಬೇರೆ ಬೇರೆ ಹೈಕೋರ್ಟ್‌ಗಳ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನ ಬಳಿಗೆ ತರಿಸಿಕೊಂಡಿತು. ಅಲ್ಲಿನ ವಾದ ಹೆಚ್ಚಾಗಿ ರಮ್ಮಿ, ಪೋಕರ್, ಫ್ಯಾಂಟಸಿ ಕ್ರಿಕೆಟ್ ಸುತ್ತ ಇದೆ. ಪೆಟ್ಟಿಗೆಗಳ ಬಗ್ಗೆ ಯಾರಾದರೂ ನೇರವಾಗಿ ಪ್ರಶ್ನೆ ಎತ್ತದಿದ್ದರೆ ಅದು ಹೀಗೇ ಅಸ್ಪಷ್ಟವಾಗಿ ಉಳಿಯುತ್ತದೆ. ಅಸ್ಪಷ್ಟತೆ ಇರುವಷ್ಟು ದಿನ ಲಾಭ ಮಾರುವವನಿಗೆ.

ಸರ್ಕಾರ ಮನಸ್ಸು ಮಾಡಿದರೆ ದಾರಿಗಳು ಇವೆ, ಬೇರೆ ದೇಶಗಳು ಮಾಡಿಯೂ ಆಗಿದೆ. 2018ರಲ್ಲಿ ಬೆಲ್ಜಿಯಂ ಇಂಥ ಪೆಟ್ಟಿಗೆಗಳನ್ನು ಜೂಜು ಅಂತ ಘೋಷಿಸಿತು, ಅಲ್ಲಿ ಕೀಲಿ ಹಾಕಿ ತೆರೆಯುವ ಸೌಲಭ್ಯವನ್ನೇ ವಾಲ್ವ್ ತೆಗೆಯಬೇಕಾಯಿತು. ಫ್ರಾನ್ಸ್‌ನಲ್ಲಿ 2019ರಿಂದ ಆಟದೊಳಗೇ ಎಕ್ಸ್-ರೇ ಸ್ಕ್ಯಾನರ್ ಅನ್ನುವ ಸೌಲಭ್ಯ ಇದೆ, ದುಡ್ಡು ಕೊಡುವ ಮೊದಲೇ ಒಳಗೇನಿದೆ ಅಂತ ಕಾಣುತ್ತದೆ. ಎರಡೂ ಕಡೆ ಆಟ ನಿಲ್ಲಲಿಲ್ಲ. ನಮ್ಮಲ್ಲಿ ಬೆಲ್ಜಿಯಂ ದಾರಿ ಹಿಡಿದರೆ ಸ್ಕಿನ್ ಬೇಕಾದವರು ಮಾರುಕಟ್ಟೆಯಲ್ಲಿ ಬೆಲೆ ನೋಡಿ ನೇರವಾಗಿ ಕೊಳ್ಳಬೇಕಾಗುತ್ತದೆ. ಫ್ರಾನ್ಸ್ ದಾರಿ ಹಿಡಿದರೆ ಪೆಟ್ಟಿಗೆ ಉಳಿಯುತ್ತದೆ, ಆದರೆ ಮೊದಲನೆಯದನ್ನು ಕೊಳ್ಳದೆ ಎರಡನೆಯದನ್ನು ನೋಡಲು ಆಗದ ಕಾರಣ ಚಟದ ಒಂದು ಭಾಗ ಹಾಗೇ ಇರುತ್ತದೆ. ನನ್ನ ಮಟ್ಟಿಗೆ ಬೆಲ್ಜಿಯಂ ದಾರಿಯೇ ಸರಿ. ಅದರ ಜೊತೆಗೆ ಹೊರಗಿನ ಸ್ಕಿನ್ ಜೂಜಿನ ಸೈಟ್‌ಗಳನ್ನು ಈಗಿರುವ ಕಾನೂನಿನ ಕೆಳಗೇ ಬ್ಲಾಕ್ ಮಾಡಲು ಯಾವ ಹೊಸ ನಿಯಮಕ್ಕೂ ಕಾಯಬೇಕಾಗಿಲ್ಲ.